ಚೌಕಾಶಿಗಿಂತ ಮೊದಲು ಕೈಯಾಡಿಸಿ

ಬಳ್ಳಾರಿಯ ಬಿಸಿಲಲ್ಲಿ ಸಂಸಾರ ಮಾಡುವವರಿಗೆ ಕಾಯಿಪಲ್ಯದ ನಷ್ಟ ಆಗುವುದು ದರದಲ್ಲಲ್ಲ, ಕೊಳೆಯುವುದರಲ್ಲಿ. ಕಿಲೋಗೆ ಐದು ರೂಪಾಯಿ ಇಳಿಸಿಕೊಂಡು ಎರಡು ಕಿಲೋ ಟೊಮೆಟೊ ತಂದಿರಿ ಅನ್ನಿ. ಮೂರನೇ ದಿನಕ್ಕೆ ಅದರಲ್ಲಿ ಅರ್ಧ ಕಿಲೋ ನೀರಾಗಿ ಸೋರಿತೆಂದರೆ ಉಳಿಸಿದ್ದೆಲ್ಲ ತಿಪ್ಪೆಗೆ ಹೋಯಿತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ರಾಯಚೂರು, ಕೊಪ್ಪಳದವರಿಗೂ ಇದೇ ಪಾಡು. ಆದ್ದರಿಂದ ಮಾರ್ಕೆಟ್‌ಗೆ ಹೋದಾಗ ಮೊದಲು ಮಾಲಿನ ಮೇಲೆ ಕೈಯಾಡಿಸಬೇಕು, ದರದ ಮಾತು ಆಮೇಲೆ.

ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಹೋಗಿ. ಹತ್ತರ ಹೊತ್ತಿಗೆ ಸೊಪ್ಪು ಬಾಡಿರುತ್ತದೆ, ಬಾಡಿದ್ದು ಕಾಣಬಾರದೆಂದು ಮೇಲೆ ನೀರು ಚಿಮುಕಿಸಿರುತ್ತಾರೆ. ಆ ನೀರು ಸೊಪ್ಪನ್ನು ಉಳಿಸುವುದಿಲ್ಲ. ಕಟ್ಟಿನ ಒಳಗೆ ಇಳಿದು, ಬಿಸಿಗೆ ಬೆವೆತು, ಸಂಜೆಯೊಳಗೆ ನಡುವಿನ ಎಲೆಗಳನ್ನು ಲೋಳೆ ಮಾಡುತ್ತದೆ. ಕಟ್ಟನ್ನು ಬುಡ ಹಿಡಿದು ತಲೆಕೆಳಗಾಗಿ ಒಮ್ಮೆ ಝಾಡಿಸಿ, ನಡುವೆ ಬೆರಳು ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ ಬಿಟ್ಟುಬಿಡಿ, ಎಷ್ಟು ಹಸಿರಾಗಿ ಕಂಡರೂ ಸರಿಯೇ. ಸಂಜೆ ಏಳರ ಮೇಲೆ ಗುಪ್ಪೆ ಲೆಕ್ಕದಲ್ಲಿ ಮಾರುವ ಮಾಲು ಅಗ್ಗ ನಿಜ. ಆದರೆ ಅದು ಅಂದೇ ರಾತ್ರಿ ಒಲೆಗೇರುವ ಮಾಲು, ನಾಳೆಗೆಂದು ಕೊಳ್ಳಬೇಡಿ. ಗುಪ್ಪೆ ಹಾಕುವವರು ಒಳ್ಳೆಯದನ್ನು ಮೇಲೆ ಜೋಡಿಸುತ್ತಾರೆ. ಗುಪ್ಪೆಯನ್ನು ನಿಮ್ಮ ಚೀಲಕ್ಕೆ ನೇರವಾಗಿ ಸುರಿಸಿಕೊಳ್ಳಬೇಡಿ, ಒಂದೊಂದಾಗಿ ಎತ್ತಿ ಹಾಕಿಕೊಳ್ಳಿ.

ಚೀಲ ಎರಡಿರಲಿ, ಎರಡೂ ಬಟ್ಟೆಯವೇ. ಒಂದಕ್ಕೆ ಉಳ್ಳಾಗಡ್ಡಿ, ಆಲೂಗಡ್ಡೆ, ಸೌತೆಕಾಯಿಯಂಥ ಭಾರದವು, ಇನ್ನೊಂದಕ್ಕೆ ಸೊಪ್ಪು, ಟೊಮೆಟೊ. ಭಾರದ್ದನ್ನು ಮೊದಲು ಕೊಳ್ಳಿ, ಟೊಮೆಟೊ ಕಡೆಗೆ. ಉಲ್ಟಾ ಮಾಡಿದವರ ಟೊಮೆಟೊ ಮನೆ ಮುಟ್ಟುವ ಮೊದಲೇ ಗೊಜ್ಜಾಗಿರುತ್ತದೆ.

ಇನ್ನು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಮಾಲು ಹಾಕುವ ಮೊದಲು ಪರದೆಯ ಮೇಲೆ ಸೊನ್ನೆ ಇದೆಯೇ ನೋಡಿ. ಬುಟ್ಟಿಯೋ ಪ್ಲಾಸ್ಟಿಕ್ ಡಬ್ಬಿಯೋ ಇಟ್ಟು ತೂಗುವುದಾದರೆ ಖಾಲಿ ಬುಟ್ಟಿ ಇಟ್ಟಾಗ ಸೊನ್ನೆ ಇರಬೇಕು. ಬುಟ್ಟಿಯ ತೂಕ ನೂರು ಗ್ರಾಂ ಇದ್ದು ಅದನ್ನು ಕಳೆಯದಿದ್ದರೆ ಅರ್ಧ ಕಿಲೋದಲ್ಲಿ ಐದನೇ ಒಂದು ಪಾಲು ಹೋಯಿತು. ಪರದೆಯ ಮುಖ ನಿಮ್ಮ ಕಡೆಗಿರಲಿ. ಅನುಮಾನ ಬಂದ ಅಂಗಡಿಯಲ್ಲಿ ಜಗಳ ಬೇಡ. ಕಿರಾಣಿಯಲ್ಲಿ ಮೊದಲೇ ಕೊಂಡ ಒಂದು ಕಿಲೋ ಉಪ್ಪಿನ ಪಾಕೀಟನ್ನು ತಕ್ಕಡಿಯ ಮೇಲಿಟ್ಟು, ‘ಇದು ಎಷ್ಟು ಬರ್ತದ ನೋಡಣ್ಣಾ’ ಅನ್ನಿ. ಕಿಲೋದ ಮೇಲೆ ಕವರಿನ ನಾಲ್ಕಾರು ಗ್ರಾಂ ಬಂದರೆ ತಕ್ಕಡಿ ನೆಟ್ಟಗಿದೆ. ಕಿಲೋಗೆ ನೂರು ಗ್ರಾಂ ಹೆಚ್ಚು ತೋರಿಸಿದರೆ ಪಾಕೀಟು ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನ ಇಲಾಖೆಯವರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ. ಕೈ ತಕ್ಕಡಿಯಾದರೆ ಖಾಲಿ ತಟ್ಟೆಗಳನ್ನು ಎತ್ತಿ ತೋರಿಸಲು ಹೇಳಿ, ಮಾಲಿನ ತಟ್ಟೆಯ ಅಡಿಯನ್ನೂ ನೋಡಿ. ತೂಕದ ಬಟ್ಟಿನ ಬದಲು ಕಲ್ಲು ಇಟ್ಟು ತೂಗುವಲ್ಲಿ ಸೊಪ್ಪು, ನಿಂಬೆಹಣ್ಣಿನಂತೆ ಎಣಿಸಿ ಕೊಳ್ಳುವಂಥದ್ದನ್ನು ಮಾತ್ರ ಕೊಳ್ಳಿ.

ಬದನೆಕಾಯಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಣ್ಣೆಗಾಯಿ ತಿನ್ನುವ ಸೀಮೆಯವರಿಗೆ ಇದರಷ್ಟು ಮೋಸ ಮಾಡುವ ಕಾಯಿ ಇನ್ನೊಂದಿಲ್ಲ. ತೂತು ಇದ್ದದ್ದನ್ನು ಬಿಟ್ಟು ತೂತು ಇಲ್ಲದ್ದನ್ನು ಆರಿಸಿ ತರುತ್ತೇವೆ, ಮನೆಯಲ್ಲಿ ಸೀಳಿದರೆ ಹುಳ. ಕಾರಣ ಇಷ್ಟೆ: ಕಾಯಿ ಕೊರಕ ಹುಳ ಮರಿಯಾಗಿದ್ದಾಗ ತೊಟ್ಟಿನ ಟೊಪ್ಪಿಗೆಯ ಅಡಿಯಿಂದ ಒಳಗೆ ಹೋಗುತ್ತದೆ, ಆ ಸಣ್ಣ ಗಾಯ ಮಾಯ್ದು ಮುಚ್ಚಿಕೊಳ್ಳುತ್ತದೆ. ನಾವು ಹೊರಗೆ ಕಾಣುವ ದೊಡ್ಡ ತೂತು ಹುಳ ತಿಂದು ಬೆಳೆದು ಹೊರಗೆ ಬಂದ ಬಾಗಿಲು. ಅಂದರೆ ತೂತಿನ ಕಾಯಿಯಲ್ಲಿ ಹುಳ ಹೋಗಿಯಾಗಿದೆ, ಹೊಲಸು ಉಳಿದಿದೆ. ತೂತಿಲ್ಲದ್ದರಲ್ಲಿ ಹುಳ ಇನ್ನೂ ಒಳಗಿರಬಹುದು. ಟೊಪ್ಪಿಗೆಯ ಅಂಚನ್ನು ಉಗುರಿನಿಂದ ಒಂದಿಷ್ಟು ಎತ್ತಿ ನೋಡಿ, ಕಂದು ಪುಡಿ ಕಂಡರೆ ಪಕ್ಕಕ್ಕಿಡಿ. ಟೊಪ್ಪಿಗೆ ಹಸಿರಾಗಿ ಮೈಗೆ ಅಂಟಿಕೊಂಡಿರಬೇಕು, ಮುಳ್ಳು ಚುಚ್ಚಬೇಕು. ಮುಳ್ಳು ಮೆತ್ತಗಾಗಿದ್ದರೆ ಕೊಯ್ದು ಎರಡು ಮೂರು ದಿನವಾಗಿದೆ ಎಂದರ್ಥ. ಒಂದೇ ಗಾತ್ರದ ಎರಡು ಕಾಯಿ ಎರಡು ಕೈಯಲ್ಲಿ ಹಿಡಿದು ಹಗುರಾದದ್ದನ್ನು ಆರಿಸಿ, ಭಾರದ್ದರಲ್ಲಿ ಬೀಜ ಬಲಿತಿರುತ್ತದೆ. ನಾಲ್ಕು ಜನರ ಎಣ್ಣೆಗಾಯಿಗೆ ಅರ್ಧ ಕಿಲೋ, ಸಣ್ಣವಾದರೆ ಹನ್ನೊಂದೋ ಹನ್ನೆರಡೋ ಬರುತ್ತವೆ. ಎಷ್ಟು ನೋಡಿ ತಂದರೂ ಒಂದೆರಡು ಕೈ ಕೊಡುತ್ತವೆ, ಎರಡು ಹೆಚ್ಚಿಗೆ ಹಾಕಿಸಿಕೊಳ್ಳಿ.

ಬೆಂಡೆಯ ತುದಿ ಮುರಿದು ನೋಡುವುದು ಎಲ್ಲರಿಗೂ ಗೊತ್ತು, ಆದರೆ ಮಾರುವವರ ಬುಟ್ಟಿಯಲ್ಲೆಲ್ಲ ಮುರಿಯುತ್ತ ಹೋಗಬೇಡಿ, ಎರಡು ಸಾಕು. ಚವಳಿಕಾಯಿಯನ್ನು ನಡುವೆ ಮಡಚಿದರೆ ಪಟ್ಟನೆ ಮುರಿಯಬೇಕು, ನಾರು ಎಳೆದುಕೊಂಡು ಜೋತುಬಿದ್ದರೆ ಬಲಿತಿದೆ. ಹೀರೆಕಾಯಿಯ ಏಣುಗಳು ಗಟ್ಟಿಯಾಗಿರಲಿ. ಮನೆಯಲ್ಲಿ ಹೆಚ್ಚುವಾಗ ಪ್ರತಿ ಕಾಯಿಯ ಒಂದು ಚೂರು ನಾಲಿಗೆಗಿಟ್ಟು ನೋಡಿ, ಕಹಿ ಹೀರೆ ಒಂದೇ ಇದ್ದರೂ ಪಲ್ಯ ಪೂರ್ತಿ ಕೆಡುತ್ತದೆ. ಕಹಿಯಾದದ್ದನ್ನು ಎಸೆಯಬೇಕು, ಅದು ಹೊಟ್ಟೆಗೂ ಒಳ್ಳೆಯದಲ್ಲ. ನಿಂಬೆ ಸಿಪ್ಪೆ ನುಣುಪಾಗಿ ತೆಳುವಾಗಿರಲಿ. ಬಜ್ಜಿ ಮೆಣಸಿನಕಾಯಿ ತಿಳಿ ಹಸಿರು, ಉದ್ದ, ಬಿಗಿ. ಕಡು ಹಸಿರಾದಷ್ಟೂ ಖಾರ ಜಾಸ್ತಿ ಎಂದು ತಿಳಿದುಕೊಂಡೇ ಕೊಳ್ಳಿ.

ಪುಂಡಿ ಸೊಪ್ಪಿಗೆ ನಮ್ಮಲ್ಲಿ ಹೆಸರು ನಾಲ್ಕು. ಕೌಲ್ ಬಜಾರಿನಲ್ಲಿ ನಿಂತರೆ ಒಬ್ಬರು ಪುಂಡಿ ಪಲ್ಯ ಅನ್ನುತ್ತಾರೆ, ಪಕ್ಕದವರು ಪುಂಟಿಕೂರ, ಗೋಂಗೂರ, ಇನ್ನೊಬ್ಬರು ಅಂಬಾಡಿ. ಕೆಂಪು ಕಡ್ಡಿಯದು ಹುಳಿ ಹೆಚ್ಚು, ಚಟ್ನಿಗೆ ಅದು. ಬಿಳಿ ಕಡ್ಡಿಯದು ಹುಳಿ ಕಡಿಮೆ, ಬೇಳೆಯೊಡನೆ ಪಲ್ಯಕ್ಕೆ ಸರಿ. ಹೂ ಮೊಗ್ಗು ಬಂದಿದ್ದರೆ ಎಲೆ ನಾರಾಗಿರುತ್ತದೆ, ಬಿಡಿ. ಮನೆಗೆ ತಂದ ಕೂಡಲೇ ತೊಳೆಯುವುದು ತಪ್ಪು, ತೊಳೆದಿಟ್ಟ ಸೊಪ್ಪು ಮರುದಿನಕ್ಕೆ ಕಪ್ಪಾಗುತ್ತದೆ. ದಾರ ಬಿಚ್ಚಿ, ಕೊಳೆತ ಎಲೆ ತೆಗೆದು, ಹಿಂಡಿದ ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿ, ನೆರಳಲ್ಲಿಡಿ. ತೊಳೆಯುವುದು ಒಲೆ ಹಚ್ಚುವ ಮುಂಚೆ.

ಉಳ್ಳಾಗಡ್ಡಿಯನ್ನು ಚೀಲಗಟ್ಟಲೆ ಕೊಳ್ಳುವ ಆಸೆ ಇದ್ದರೆ ಯಾವ ಹಂಗಾಮಿನದು ಎಂದು ಕೇಳಿ. ಮಳೆಗಾಲದ ಬೆಳೆ ದಸರಾ, ದೀಪಾವಳಿ ಹೊತ್ತಿಗೆ ಬರುತ್ತದೆ. ನೀರಿನಂಶ ಹೆಚ್ಚು, ಕುತ್ತಿಗೆ ದಪ್ಪ, ತಿಂಗಳೊಪ್ಪತ್ತಿನಲ್ಲಿ ಮೊಳಕೆಯೊಡೆಯುತ್ತದೆ ಇಲ್ಲವೇ ಕೊಳೆಯುತ್ತದೆ. ಅದನ್ನು ಎರಡೆರಡು ಕಿಲೋ ಕೊಳ್ಳಿ. ಬೇಸಿಗೆಯಲ್ಲಿ ಕಿತ್ತದ್ದು, ಕುತ್ತಿಗೆ ಸಣ್ಣಗೆ ಒಣಗಿ ಮುಚ್ಚಿಕೊಂಡದ್ದು, ಮೇಲೆ ಎರಡು ಮೂರು ಪದರ ಒಣಸಿಪ್ಪೆ ಇದ್ದದ್ದು ಮಾತ್ರ ನಾಲ್ಕು ತಿಂಗಳು ತಡೆಯುತ್ತದೆ. ಆಲೂಗಡ್ಡೆಯ ಪಕ್ಕ ಇಡಬೇಡಿ, ಎರಡೂ ಬೇಗ ಕೆಡುತ್ತವೆ.

ಒಣ ಮೆಣಸಿನಕಾಯಿ ಕೊಳ್ಳುವುದು ವರ್ಷಕ್ಕೊಮ್ಮೆಯ ಕೆಲಸ, ಅವಸರ ಕೂಡದು. ಹೊಸ ಮಾಲು ಬರುವುದು ಜನವರಿಯಿಂದ ಏಪ್ರಿಲ್ ತನಕ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಹಾಕಿ ಕುಟ್ಟಿಸಿದರೆ ಈ ಕಡೆಯ ನಾಲಿಗೆಗೆ ಹಿಡಿಸುತ್ತದೆ. ಬ್ಯಾಡಗಿಯ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಬೀಜ ಕಡಿಮೆ. ಗುಂಟೂರಿನದು ನುಣುಪು. ನಾಲ್ಕು ಜನರ ಮನೆಗೆ ವರ್ಷಕ್ಕೆ ಸುಮಾರು ನಾಲ್ಕು ಕಿಲೋ ಹಿಡಿಯುತ್ತದೆ. ಚೀಲದ ಬಾಯಿಂದ ಒಂದು ಹಿಡಿ ತೆಗೆದು ತೃಪ್ತಿಪಡಬೇಡಿ, ಮೊಣಕೈ ತನಕ ಕೈ ಇಳಿಸಿ ಅಡಿಯಿಂದ ತೆಗೆಯಿರಿ. ತೂಕ ಬರಲೆಂದು ನೀರು ಹೊಡೆದ ಮಾಲು ಅಡಿಯಲ್ಲಿ ತಣ್ಣಗೆ, ಮೆತ್ತಗೆ ಇರುತ್ತದೆ. ಮುಷ್ಟಿಯಲ್ಲಿ ಹಿಡಿದು ಅದುಮಿ ಬಿಟ್ಟರೆ ಗಲಗಲ ಅನ್ನಬೇಕು, ಅಂಟಿಕೊಂಡು ಮುದುಡಿ ಉಳಿದರೆ ನೀವು ಮೆಣಸಿನಕಾಯಿಯ ದರಕ್ಕೆ ನೀರು ಕೊಳ್ಳುತ್ತಿದ್ದೀರಿ. ಒಂದನ್ನು ಸೀಳಿ ಬೀಜ ನೋಡಿ: ಹಳದಿ ಇದ್ದರೆ ಸರಿ, ಕಪ್ಪಗಾಗಿದ್ದರೆ, ಒಳಗೆ ಬೂದಿಯಂಥ ಬೂಸು ಇದ್ದರೆ ಚೀಲ ಪೂರ್ತಿ ಬೇಡ. ಬಿಳಿಚಿಕೊಂಡ ಕಾಯಿ ಕಿಲೋದಲ್ಲಿ ನಾಲ್ಕಾರು ಇದ್ದರೆ ಆರಿಸಿ ಎಸೆಯಬಹುದು, ಹಿಡಿಗೆ ಮೂರು ಸಿಕ್ಕರೆ ದರ ಇಳಿಸಲೇಬೇಕು. ತೊಟ್ಟು ಬಿಡಿಸಿ ಎರಡು ದಿನ ಬಿಸಿಲಿಗೆ ಹಾಕಿ, ಅದಕ್ಕಿಂತ ಹೆಚ್ಚಾದರೆ ಕೆಂಪು ಮಾಸುತ್ತದೆ. ಗಿರಣಿಯಿಂದ ಬಂದ ಖಾರದ ಪುಡಿ ಕೈ ಸುಡುವಷ್ಟು ಬಿಸಿ ಇರುತ್ತದೆ, ಹಾಗೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟು ಕಟ್ಟಿ ಬೂಸು ಬರುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿದ ಮೇಲೆ ತುಂಬಿ. ಬಿಡಿ ಖಾರದ ಪುಡಿಯನ್ನು ಕೊಳ್ಳಲೇಬೇಕಾಗಿ ಬಂದರೆ ಒಂದು ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಉದುರಿಸಿ: ಬಣ್ಣದ ಗೆರೆಗಳು ತಕ್ಷಣ ಕೆಳಗೆ ಇಳಿದರೆ ಬಣ್ಣ ಬೆರೆಸಿದ್ದಾರೆ.

ಅಕ್ಕಿಯ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಯವರು ಅದೃಷ್ಟವಂತರು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಪಕ್ಕದಲ್ಲೇ ಇವೆ, ತುಂಗಭದ್ರೆಯ ನೀರಿನ ಸೋನಾ ಮಸೂರಿ ಬಾಗಿಲಿಗೇ ಬರುತ್ತದೆ. ಆದರೂ ಹೊಸ ಅಕ್ಕಿಯನ್ನು ಹಳೆಯದೆಂದು ಕೊಟ್ಟುಬಿಡುತ್ತಾರೆ. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿಯಿರಿ. ಹಳೆಯದು ಕಟಕ್ಕನೆ ಒಡೆದು ಪುಡಿಯಾಗುತ್ತದೆ, ಹೊಸದು ಹಲ್ಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಬಣ್ಣದಲ್ಲಿ ಹಳೆಯದು ಕೊಂಚ ಕೆನೆ. ‘ಸ್ಟೀಮ್’ ಅಂದರೆ ಹಬೆ ಕೊಟ್ಟ ಅಕ್ಕಿ. ಅದು ಹೊಸದಿದ್ದರೂ ಅನ್ನ ಉದುರಾಗುತ್ತದೆ, ಅದಕ್ಕೇ ಅದನ್ನು ಹಳೆಯದರ ದರಕ್ಕೆ ಮಾರುವವರಿದ್ದಾರೆ. ಚೀಲದ ಮೇಲೆ ಏನು ಬರೆದಿದೆ ಓದಿ. ಹಳೆಯ ಅಕ್ಕಿಗೆ ಲೋಟಕ್ಕೆ ಎರಡೂವರೆ ಲೋಟ ನೀರು, ಹೊಸದಕ್ಕೆ ಎರಡು ಸಾಕು. ಅಷ್ಟೇ ನೀರು ಎರಡಕ್ಕೂ ಹಾಕಿ ‘ಅಕ್ಕಿ ಸರಿಯಿಲ್ಲ’ ಅಂದರೆ ಅಕ್ಕಿಯ ತಪ್ಪಲ್ಲ.

ಚೀಲದ ತೂಕವನ್ನೂ ನೋಡಿ. 2022ರ ಜುಲೈನಿಂದ 25 ಕಿಲೋ ತನಕದ, ಮೊದಲೇ ತುಂಬಿ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಜಿಎಸ್‌ಟಿ ಬಂತು. ಅಲ್ಲಿಂದ ಮಿಲ್ಲಿನವರು 26 ಕಿಲೋ ಚೀಲ ತಂದರು. ಈಗ ಎರಡೂ ಅಕ್ಕಪಕ್ಕ ನಿಂತಿರುತ್ತವೆ. 25 ಕಿಲೋದ್ದು 1,400 ರೂಪಾಯಿ, 26 ಕಿಲೋದ್ದು 1,430 ಅಂದುಕೊಳ್ಳಿ: ಮೊದಲನೆಯದು ಕಿಲೋಗೆ 56, ಎರಡನೆಯದು 55. ಚೀಲದ ದರ ಕೇಳಿ ಸುಮ್ಮನಾಗದೆ ಕಿಲೋದ ದರ ಲೆಕ್ಕ ಹಾಕಿ. ತಂದ ಅಕ್ಕಿಯನ್ನು ಹುಳ ಬಿತ್ತೆಂದು ಕೆಂಡದಂಥ ಬಿಸಿಲಿಗೆ ಹರವಬೇಡಿ, ಕಾಳು ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೆರಳಲ್ಲಿ ಹರವಿ, ಜರಡಿ ಹಿಡಿದು, ಒಣಗಿದ ಬೇವಿನ ಎಲೆ ಹಾಕಿಡಿ. ಚೀಲ ನೆಲಕ್ಕೆ ತಾಗದಂತೆ ಹಲಗೆಯ ಮೇಲಿರಲಿ.

ಜೋಳಕ್ಕೆ ಬಿಸಿಲು ಒಗ್ಗುತ್ತದೆ. ಹಿಂಗಾರಿಯ ಬಿಳಿಜೋಳ ಫೆಬ್ರವರಿ, ಮಾರ್ಚಿನಲ್ಲಿ ಕೈಗೆ ಬರುತ್ತದೆ. ಕಾಳು ದುಂಡಗೆ, ಮುತ್ತಿನ ಹೊಳಪು. ತುದಿ ಕಪ್ಪಾಗಿದ್ದರೆ ತೆನೆ ಮಳೆಗೆ ಸಿಕ್ಕಿದೆ, ಅದರ ರೊಟ್ಟಿ ಮಾಸಲಾಗುತ್ತದೆ, ಒಗರು ಬರುತ್ತದೆ. ಜೋಳ ವರ್ಷದ್ದು ತಂದರೂ ಹಿಟ್ಟು ವರ್ಷದ್ದು ಬೀಸಬೇಡಿ. ಹದಿನೈದು ಇಪ್ಪತ್ತು ದಿನಕ್ಕೆ ಹಿಟ್ಟಿನ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ದಿನಕ್ಕೆ ಮುಕ್ಕಾಲು ಕಿಲೋ ಹಿಡಿಯುವ ಮನೆಗೆ ಸಲಕ್ಕೆ ಏಳೆಂಟು ಕಿಲೋ ಸಾಕು. ಗಿರಣಿಯವರನ್ನು ಹಿಂದಿನ ಸರದಿ ಏನೆಂದು ಕೇಳಿ, ಖಾರ ಬೀಸಿದ ಬೆನ್ನಿಗೆ ನಿಮ್ಮ ಜೋಳ ಹಾಕಿಸಬೇಡಿ.

ತೊಗರಿ ಬೇಳೆ ಕನ್ನಡಿಯಂತೆ ಹೊಳೆದರೆ ಪಾಲಿಶ್ ಕೊಟ್ಟಿದ್ದಾರೆ. ಮಂಕಾಗಿ ಕಂಡದ್ದೇ ಬೇಯುವಾಗ ರುಚಿ. ಶೇಂಗಾ ನಾಲ್ಕು ಕಾಳು ತಿಂದು ನೋಡಿ, ಒಂದು ಕಮಟು ಸಿಕ್ಕರೂ ಆ ಡಬ್ಬಿಯದು ಬೇಡ. ಒಗ್ಗರಣೆ ಮಂಡಕ್ಕಿಗೆ ಮಂಡಕ್ಕಿಯನ್ನು ಸೇರಿನ ಅಳತೆಯಲ್ಲಿ ಕೊಡುವಲ್ಲಿ ಸೇರು ಅಲುಗಿಸಿ ತುಂಬಿಸಿಕೊಳ್ಳಿ, ಒಂದು ಕಾಳು ಒತ್ತಿ ಪುಡಿಯಾಗುತ್ತದೆಯೇ ನೋಡಿ. ಪಾಕೀಟಿನ ಮಾಲಿಗೆ ತಯಾರಾದ ತಿಂಗಳು, ನಿವ್ವಳ ತೂಕ, ಎಂಆರ್‌ಪಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಂಬರು ಇರಬೇಕು. ಎಂಆರ್‌ಪಿಗಿಂತ ‘ತಂಪು ಮಾಡಿದ್ದಕ್ಕೆ’ ಎಂದು ಎರಡು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಕಿಲ್ಲ, ದೂರು ಕೊಡಲು ಗ್ರಾಹಕರ ಸಹಾಯವಾಣಿ 1915.

ಚೌಕಾಶಿ ಮಾಡಿ, ಆದರೆ ಬುಟ್ಟಿ ಹೊತ್ತು ಹಳ್ಳಿಯಿಂದ ಬಂದು ನಾಲ್ಕು ಕಟ್ಟು ಸೊಪ್ಪು ಮಾರುವ ಅಜ್ಜಿಯ ಹತ್ತಿರ ಅಲ್ಲ. ಅಲ್ಲಿ ಕೇಳಿದ್ದು ಕೊಡಿ, ಕೊತ್ತಂಬರಿ ಕಡ್ಡಿ ಎರಡು ಆಕೆಯೇ ಹಾಕುತ್ತಾಳೆ. ದಿನವೂ ಕೊಳ್ಳುವ ಅಂಗಡಿ ಒಂದೆರಡು ಇರಲಿ, ಕೆಟ್ಟ ಮಾಲು ಬಂದರೆ ಮರುದಿನ ಬೆಳಿಗ್ಗೆಯೇ ಒಯ್ದು ತೋರಿಸಿ. ಮೂರು ದಿನ ಬಿಟ್ಟು ಒಯ್ದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾದ್ದೂ ಇಲ್ಲ.

ಮನೆಗೆ ಬಂದ ಮೇಲೆ ಚೀಲವನ್ನು ಮೂಲೆಗೆ ಇಟ್ಟು ಮಾತಿಗೆ ಕೂರಬೇಡಿ. ನೆಲದ ಮೇಲೆ ಹಳೇ ಪತ್ರಿಕೆ ಹಾಸಿ ಎಲ್ಲ ಹರವಿ, ಅರ್ಧ ಗಂಟೆ ಬಿಸಿ ಆರಲು ಬಿಡಿ. ಬಿಸಿಲಲ್ಲಿ ಕಾದ ಕಾಯಿಯನ್ನು ಹಾಗೇ ಫ್ರಿಜ್‌ಗೆ ತುರುಕಿದರೆ ಕವರಿನೊಳಗೆ ನೀರಾಡುತ್ತದೆ. ಟೊಮೆಟೊದಲ್ಲಿ ಸಿಪ್ಪೆ ಬಿರಿದವನ್ನು, ಹಣ್ಣಾದವನ್ನು ಬೇರೆ ಮಾಡಿ ಇಂದಿನ ಸಾರಿಗೆ ತೆಗೆದಿಡಿ. ಉಳಿದವನ್ನು ಒಣ ಬಟ್ಟೆಯಿಂದ ಒರೆಸಿ, ತೊಟ್ಟು ಕೆಳಮುಖವಾಗಿ, ಒಂದಕ್ಕೊಂದು ತಾಗದಂತೆ ಜೋಡಿಸಿ.