ಮನಸ್ಸಿಗೆ ತಟ್ಟದಿದ್ದರೂ ನಾಲ್ಕು ಜನರ ನಡುವೆ ಬಾಳುವುದು: ನನ್ನ ಅನುಭವ

ಜನ ಸೋಷಿಯೋಪಥಿ ಅನ್ನುವುದಕ್ಕೆ ನನ್ನ ಫೈಲಿನಲ್ಲಿರುವ ಹೆಸರು ಆಂಟಿಸೋಷಿಯಲ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಬೇರೆಯವರ ನೋವಿಗೂ ನಿಯಮಕ್ಕೂ ಮನಸ್ಸು ಅಷ್ಟಾಗಿ ಜಗ್ಗದ ವ್ಯಕ್ತಿತ್ವದ ತೊಂದರೆ. 18 ತುಂಬದವರಿಗೆ ಈ ಹೆಸರು ಕೊಡುವಂತಿಲ್ಲ. 15ರ ಒಳಗೇ ನಡವಳಿಕೆಯ ತೊಂದರೆ ಕಾಣಿಸಿಕೊಂಡಿರಬೇಕು. ಆದ್ದರಿಂದ ಯಾವುದೋ ಪ್ರಶ್ನೆಪಟ್ಟಿ ತುಂಬಿ ನಿಮಗೆ ನೀವೇ ಹೆಸರಿಟ್ಟುಕೊಳ್ಳಬೇಡಿ, ಗಂಡನಿಗೋ ಬಾಸಿಗೋ ಅಂಟಿಸಲೂಬೇಡಿ. ಇದಕ್ಕೆಂದೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಕುಡಿತಕ್ಕೆ ಚಿಕಿತ್ಸೆ ಉಂಟು.

ಎದುರಿನವರಿಗೆ ನೋವಾಗಿದೆ ಅನ್ನುವುದು ನನಗೆ ತಿಳಿಯುತ್ತದೆ, ತಟ್ಟುವುದಿಲ್ಲ. ತಟ್ಟಿಸಿಕೊಳ್ಳಲು ಹೆಣಗುವುದನ್ನು ಬಿಟ್ಟು, ತಿಳಿದಷ್ಟಕ್ಕೆ ತಕ್ಕ ಕೆಲಸ ಮಾಡಲು ಶುರು ಮಾಡಿದ ಮೇಲೆ ಬದುಕು ಹಗುರಾಯಿತು.

ಸಾವಿನ ಮನೆಯನ್ನೇ ತೆಗೆದುಕೊಳ್ಳಿ. ಕಣ್ಣೀರು ನಟಿಸಬೇಡಿ. ಹತ್ತಿರದವರಿಗೆ ಗೊತ್ತಾಗಿಬಿಡುತ್ತದೆ, ಆಮೇಲೆ ನಿಜ ಹೇಳಿದರೂ ನಂಬುವುದಿಲ್ಲ. ಬೇಗ ಹೋಗಿ ಒಂದು ಕೆಲಸ ಹಿಡಿಯಿರಿ: ಶಾಮಿಯಾನದವರಿಗೆ ಫೋನ್ ಮಾಡುವುದು, ಕುರ್ಚಿ ಹಾಕಿಸುವುದು, ಊರಿಂದ ಬರುವವರಿಗೆ ದಾರಿ ಹೇಳುವುದು. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. ಪಕ್ಕದ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು ವಯಸ್ಸಾದವರಿಗೆ ಮೊದಲು ಕೊಡಿ. ‘ಹೇಗಾಯ್ತು?’ ಎಂದು ಕೆದಕಬೇಡಿ, ನಮ್ಮಂಥವರಿಗೆ ಆ ಕುತೂಹಲವೇ ಜಾಸ್ತಿ. ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನದೆ ಸುಮ್ಮನೆ ಎದ್ದು ಬನ್ನಿ. ತಿಥಿ ಮುಗಿದ ಮರುವಾರ ಒಂದು ಫೋನ್ ಮಾಡಿ. ಅದಕ್ಕೆ ಮೊಬೈಲಿನಲ್ಲಿ ರಿಮೈಂಡರ್ ಇಡಲೇಬೇಕು, ತಾನಾಗಿ ನೆನಪಾಗುವುದಿಲ್ಲ.

ಲಾಭ ಕಣ್ಣೆದುರಿದ್ದಾಗ ಶಿಕ್ಷೆಯ ಭಯ ನಮ್ಮನ್ನು ಅಷ್ಟಾಗಿ ತಡೆಯದು. ಅದಕ್ಕೇ ತಡೆಯನ್ನು ಮೊದಲೇ ಕಟ್ಟಿಡಬೇಕು. ಕೆಲಸ ಬಿಡುವುದು, ಸಾಲ ಮಾಡುವುದು, ಅವಮಾನಕ್ಕೆ ಉತ್ತರ ಕೊಡುವುದು, ಈ ಮೂರಕ್ಕೂ 24 ಗಂಟೆ ಕಾಯುತ್ತೇನೆ. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಯುವುದಿಲ್ಲ, ಕಾಗದದಲ್ಲಿ ಬರೆಯುತ್ತೇನೆ. ಫೋನಿನಲ್ಲಾದರೆ ಕಳಿಸಿಬಿಡದೆ ಬೆರಳು ತಡೆಯುವುದಿಲ್ಲ. ಯುಪಿಐ ಮಿತಿಯನ್ನು ಬ್ಯಾಂಕ್ ಆ್ಯಪಿನಲ್ಲಿ ತಗ್ಗಿಸಿಟ್ಟಿದ್ದೇನೆ. ಕುಡಿತ ಪೂರ್ತಿ ಬಂದ್, ಇರುವ ಅಲ್ಪಸ್ವಲ್ಪ ಬ್ರೇಕೂ ಅದರಿಂದ ಹೋಗುತ್ತದೆ.

ಚಿಕ್ಕ ಸುಳ್ಳುಗಳು ಬಾಯಿಗೆ ಬಂದುಬಿಡುತ್ತವೆ. ಅದೇ ದಿನ ಮಲಗುವ ಮೊದಲು ತಿದ್ದಬೇಕು: ‘ಬೆಳಿಗ್ಗೆ ಹೇಳಿದ್ದು ತಪ್ಪು, ವಿಷಯ ಹೀಗಿದೆ.’ ಅಷ್ಟೇ. ಕಾರಣ ಹೇಳಲು ಹೋದರೆ ಅದೇ ಇನ್ನೊಂದು ಸುಳ್ಳಾಗುತ್ತದೆ.

ಸಿಟ್ಟಿಗಿಂತ ಬೇಸರದ ಮೇಲೇ ನಾನು ಹೆಚ್ಚು ಕಣ್ಣಿಡುವುದು. ಖಾಲಿ ಸಂಜೆಯಲ್ಲಿ, ಸುಮ್ಮನೆ ಏನಾದರೂ ಆಗಲಿ ಅಂತ ಜಗಳ ತೆಗೆಯಬೇಕೆನಿಸುತ್ತದೆ. ಆ ಹೊತ್ತಿಗೆ ಮೈ ಬೆವರುವ ಆಟ, ದಿನದಿನವೂ ಫಲಿತಾಂಶ ಕಾಣುವ ಕೆಲಸ ಬೇಕು.

ತಡೆಯಲು ಒಬ್ಬರಿರಬೇಕು. ನನಗೆ ಅಕ್ಕ. ಅವಳು ‘ಸಾಕು’ ಅಂದರೆ ವಾದ ಮಾಡದೆ ಎದ್ದು ಹೊರಗೆ ಹೋಗುವುದು ನಮ್ಮಿಬ್ಬರ ಒಪ್ಪಂದ. ಕೌನ್ಸೆಲಿಂಗಿಗೂ ಆಗಾಗ ಅವಳನ್ನು ಕರೆದೊಯ್ಯುತ್ತೇನೆ. ಒಬ್ಬನೇ ಹೋದರೆ ಮಾತಿನಲ್ಲೇ ಕೌನ್ಸೆಲರನ್ನು ಒಲಿಸಿಕೊಂಡು ಬಂದುಬಿಡುತ್ತೇನೆ. ಮದುವೆಯಾಗುವವರಿಗೆ ಮೊದಲೇ ಹೇಳಿ. ಆಫೀಸಿನಲ್ಲಿ ಹೇಳಬೇಕಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಎಲ್ಲಿಂದ ಶುರು ಮಾಡುವುದೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.