ಅಗತ್ತಿಯ ಲಗೂನಿನಲ್ಲಿ ಕಡಲಾಮೆ ನೋಡಿದ ದಿನ

ಈಜು ಬರದವರು ಕಡಲಾಮೆ ನೋಡೋಕೆ ನೀರಿಗಿಳಿಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಇಳಿಯಬಹುದು. ನನ್ನ ಅಕ್ಕನಿಗೆ ಈಜು ಸುತರಾಂ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಆಮೆ ನೋಡಿದವಳು ಅವಳೇ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ನಾವು ಹೋದದ್ದು ಲಕ್ಷದ್ವೀಪದ ಅಗತ್ತಿಗೆ. ಅಕ್ಕ, ಭಾವ, ಅವರ ಮಗಳು, ನಾನು. ಮುರ್ಡೇಶ್ವರದ ಹತ್ತಿರ ನೇತ್ರಾಣಿ ಇರುವಾಗ ಅಷ್ಟು ದೂರ ಯಾಕೆ ಅಂತ ಭಾವ ಮೊದಲೇ ತಕರಾರು ತೆಗೆದಿದ್ದರು. ನೇತ್ರಾಣಿಯಲ್ಲೂ ಅದೃಷ್ಟ ಇದ್ದರೆ ಆಮೆ ಕಾಣುತ್ತದೆ. ಆದರೆ ಅದು ತೆರೆದ ಕಡಲು, ದೋಣಿಯಿಂದ ಇಳಿದ ಕೂಡಲೇ ಕಾಲ ಕೆಳಗೆ ಆಳ, ಅಲೆಯೂ ಇರುತ್ತದೆ. ಸ್ಕೂಬಾ ಮಾಡುವವರಿಗೆ ಚೆನ್ನ, ಅಕ್ಕನಂಥವರಿಗೆ ಕಷ್ಟ. ಅಗತ್ತಿಯ ಪಶ್ಚಿಮಕ್ಕೆ ಹವಳದ ದಿಬ್ಬ ಒಂದು ಗೋಡೆಯಂತೆ ಹಬ್ಬಿದೆ. ದೊಡ್ಡ ಅಲೆಗಳೆಲ್ಲ ಅದಕ್ಕೆ ಬಡಿದು ಹೊರಗೇ ಒಡೆಯುತ್ತವೆ. ಗೋಡೆಯ ಒಳಗಿನ ನೀರೇ ಲಗೂನ್. ಕೆಲವು ಕಡೆ ಎದೆಮಟ್ಟ, ಕೆಲವು ಕಡೆ ಎರಡಾಳು ಆಳ, ತಳದಲ್ಲಿ ಬಿಳಿ ಮರಳು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಜಾಗ ನಮ್ಮ ದೇಶದಲ್ಲಿ ನಾನಂತೂ ನೋಡಿಲ್ಲ.

ಲಕ್ಷದ್ವೀಪಕ್ಕೆ ಹೋಗಲು ನಮ್ಮವರಿಗೂ ಪರ್ಮಿಟ್ ಬೇಕು. ಟಿಕೆಟ್ ಮಾಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ. ನಮಗೆ ಹೋಂಸ್ಟೇ ನಡೆಸುವವರೇ ಮಾಡಿಸಿಕೊಟ್ಟರು. ನಾವು ಕೊಚ್ಚಿಯಿಂದ ಸಣ್ಣ ವಿಮಾನದಲ್ಲಿ ಹೋದೆವು. ಇಳಿಯುವಾಗ ರನ್‌ವೇಯ ಎರಡೂ ಕಡೆ ನೀರೇ ಕಾಣುತ್ತದೆ, ಅಕ್ಕ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅಂದಹಾಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಗತ್ತಿ ಆ ಪಟ್ಟಿಯಲ್ಲಿ ಇರಲಿಲ್ಲ, ಅದು ಮಲಬಾರಿನ ಲೆಕ್ಕ.

ಇನ್ನು ಮಾಸ್ಕ್. ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು ಉಸಿರಾಡುತ್ತಾ, ನೀರಿನ ಮೇಲೆ ತೇಲಿಕೊಂಡು ಕೆಳಗೆ ನೋಡುವುದೇ ಸ್ನಾರ್ಕೆಲಿಂಗ್. ಅದು ಹಾಳಾಗುವುದು ಬಹುಪಾಲು ಮಾಸ್ಕಿನಿಂದ. ಬಾಡಿಗೆಗೆ ಸಿಗುತ್ತದೆ, ಆದರೆ ಎಲ್ಲರ ಮುಖಕ್ಕೂ ಎಲ್ಲಾ ಮಾಸ್ಕ್ ಕೂರುವುದಿಲ್ಲ. ಪರೀಕ್ಷೆ ಸುಲಭ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಬೇಕು. ಬೀಳದೆ ನಿಂತರೆ ನಿಮ್ಮದು. ಬಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ಬಿಗಿ ಜಾಸ್ತಿಯಾದಷ್ಟೂ ರಬ್ಬರ್ ಸೊಟ್ಟಗಾಗಿ ನೀರು ಒಳಗೆ ಬರುತ್ತದೆ, ಜೊತೆಗೆ ಸಂಜೆ ತನಕ ತಲೆನೋವು. ಒಂದೆಳೆ ಕೂದಲು ರಬ್ಬರಿನ ಅಡಿ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ಭಾವನಿಗೆ ದಪ್ಪ ಮೀಸೆ. ಬೋಳಿಸಿ ಅಂತ ಗೈಡ್ ಹೇಳಿದ್ದಕ್ಕೆ ಅವರು ಆಮೆಯನ್ನೇ ಬೇಕಾದರೆ ಬಿಡುತ್ತೇನೆ ಅಂದರು. ಕೊನೆಗೆ ಮೀಸೆಗೆ ವ್ಯಾಸಲೀನ್ ಮೆತ್ತಿ ಕೆಲಸ ನಡೆಯಿತು.

ನನಗೆ ದೂರದ್ದು ಕಾಣುವುದಿಲ್ಲ, ಕನ್ನಡಕ ಬೇಕೇ ಬೇಕು. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಮಾಸ್ಕ್ ಸಿಗುತ್ತದೆ, ಎರಡು ಕಣ್ಣಿಗೂ ಬೇರೆ ಬೇರೆ ಗಾಜು ಹಾಕಿಸಬಹುದು. ನಾನು ಬೆಂಗಳೂರಿನಲ್ಲೇ ತರಿಸಿಕೊಂಡಿದ್ದೆ. ದ್ವೀಪದಲ್ಲಿ ಸಿಗುತ್ತದೆ ಅಂತ ಕೂತರೆ ಕಷ್ಟ. ಆಮೆ ಅಂತ ಎಲ್ಲರೂ ಕೂಗುವಾಗ ನಿಮಗೆ ಬರೀ ಒಂದು ಕಂದು ಮಚ್ಚೆ ಕಂಡರೆ ಅಷ್ಟು ದುಡ್ಡು ಕೊಟ್ಟು ಹೋಗಿದ್ದು ಯಾಕೆ, ಅಲ್ವಾ?

ಗಾಜಿಗೆ ಮಂಜು ಕಟ್ಟದಿರಲು ಒಳಗಡೆ ಉಗುಳಿ, ಬೆರಳಲ್ಲಿ ಉಜ್ಜಿ, ಕಡಲ ನೀರಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಅಸಹ್ಯ ಅನ್ನಿಸಿದರೂ ಇದೇ ಸರಿಯಾದ ದಾರಿ, ಡೈವಿಂಗ್ ಕಲಿಸುವವರೂ ಹೀಗೇ ಮಾಡುತ್ತಾರೆ.

ಬೆಳಿಗ್ಗೆ ದೋಣಿ ಹೊರಡುವ ಹೊತ್ತು ಗಡಿಯಾರ ನೋಡಿ ನಿರ್ಧಾರ ಆಗುವುದಿಲ್ಲ, ಉಬ್ಬರ ಇಳಿತ ನೋಡಿ ಆಗುತ್ತದೆ. ನೀರು ಪೂರ್ತಿ ಇಳಿದಾಗ ಹವಳದ ಮೇಲೆ ಹೊಟ್ಟೆ ತಾಗುವಷ್ಟು ಕಮ್ಮಿ ನೀರು ಇರುತ್ತದೆ. ಮಂಡಿ ಕೆರೆದುಕೊಳ್ಳುತ್ತದೆ, ಹವಳವೂ ಮುರಿಯುತ್ತದೆ. ನೀರು ಏರುವಾಗ ಹೊರಗಿನ ತಿಳಿನೀರು ಲಗೂನಿಗೆ ನುಗ್ಗುತ್ತದೆ, ಆಗ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನಾವು ತಿಂಡಿ ಮುಗಿಸಿ ಆರಾಮಾಗಿ ಹೊರಟೆವು.

ಗೈಡ್ ಅಗತ್ತಿಯದೇ ಹುಡುಗ. ಅವನದು ಅಲ್ಲಿನ ಜಸರಿ ಭಾಷೆ, ನನ್ನದು ಪುತ್ತೂರಿನ ಕಡೆಯ ಅರ್ಧಂಬರ್ಧ ಮಲಯಾಳಂ. ಹೇಗೋ ನಡೆಯಿತು. ದೋಣಿ ಬಿಡುವ ಮೊದಲು ಅವನು ನಮ್ಮನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಮುಖ ಮುಳುಗಿಸಿ ಬಾಯಿಂದ ಉಸಿರಾಡಲು ಕಲಿಸಿದ. ಇದು ಕೇಳೋಕೆ ಸುಲಭ. ಆದರೆ ಮುಖ ನೀರಿಗೆ ತಾಗಿದ ಕೂಡಲೇ ಉಸಿರು ತಾನಾಗಿ ಕಟ್ಟುತ್ತದೆ, ಎದೆ ಡವಡವ ಅನ್ನುತ್ತದೆ. ಉಸಿರು ಎಳೆಯುವುದಕ್ಕಿಂತ ಬಿಡುವ ಕಡೆ ಗಮನ ಕೊಡಿ ಅಂದ. ಉದ್ದಕ್ಕೆ, ನಿಧಾನಕ್ಕೆ ಬಿಟ್ಟರೆ ಎಳೆಯುವುದು ತಾನಾಗಿ ಆಗುತ್ತದೆ. ಕೊಳವೆಗೆ ನೀರು ಬಂದರೆ ಒಂದೇ ಸಲ ಜೋರಾಗಿ ಊದಬೇಕು. ಮಾಸ್ಕಿಗೆ ಬಂದರೆ ತಲೆ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇವೆರಡು ಬಂದರೆ ಮುಕ್ಕಾಲು ಭಯ ಹೋಯಿತು. ನಿಮ್ಮ ಗೈಡ್ ಈ ಪಾಠ ಮಾಡದೆ ನೇರ ಆಳಕ್ಕೆ ಕರೆದೊಯ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಬಟ್ಟೆ ವಿಷಯ. ತುಂಬು ತೋಳಿನ ರಾಶ್ ಗಾರ್ಡ್, ಅಂದರೆ ನೀರಿಗೆ ಹಾಕುವ ಬಿಗಿ ಅಂಗಿ, ಕಣಕಾಲಿನ ತನಕ ಬರುವ ಲೆಗ್ಗಿಂಗ್. ನೀರಿನಲ್ಲಿ ತಂಪಾಗಿರುವುದರಿಂದ ಬಿಸಿಲು ಗೊತ್ತೇ ಆಗುವುದಿಲ್ಲ, ಮಂಡಿಯ ಹಿಂಭಾಗ ಮತ್ತು ಕತ್ತು ಸುಟ್ಟು ಕೆಂಪಾಗುತ್ತವೆ. ಮೈತುಂಬಾ ಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಜಾಸ್ತಿ ಬೇಕಾಗುವುದಿಲ್ಲ. ಕೆಲವು ಸನ್‌ಸ್ಕ್ರೀನಿನಲ್ಲಿರುವ ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ. ಇಲ್ಲಿನ ಹವಳ ಈಗಾಗಲೇ ಸಾಕಷ್ಟು ಪೆಟ್ಟು ತಿಂದಿದೆ. 1998, 2010, 2016, ಮತ್ತೆ 2024ರಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡಿತ್ತು. ಫೋಟೋದಲ್ಲಿ ನೋಡಿದ ಬಣ್ಣದ ತೋಟ ಎಲ್ಲ ಕಡೆ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಬೂದು ಬಣ್ಣದ ಸತ್ತ ಹವಳವೂ ಬೇಕಾದಷ್ಟು ಕಾಣುತ್ತದೆ.

ದೋಣಿಯಲ್ಲಿ ಗೈಡ್ ಆಮೆಯ ಬಗ್ಗೆ ಹೇಳಿದ ಮಾತು ನನಗೆ ಹಿಡಿಸಿತು. "ಚೇಚಿ, ಅದರ ಹಿಂದೆ ಹೋಗಬೇಡಿ, ಅದರ ಮೇಲೂ ಹೋಗಬೇಡಿ. ಪಕ್ಕದಲ್ಲಿರಿ, ಅದಕ್ಕೆ ನೀವು ಕಾಣಬೇಕು." ಆಮೆಗೆ ಶ್ವಾಸಕೋಶ ಇರುವುದು ನಮ್ಮ ಹಾಗೆಯೇ. ಮಲಗಿದಾಗ ಗಂಟೆಗಟ್ಟಲೆ ನೀರಿನಡಿ ಇರಬಲ್ಲದು, ಆದರೆ ಮೇಯುವಾಗ ಕೆಲವು ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು. ಆಗ ಮೇಲೆ ನಾಲ್ಕು ಜನ ಕಾಲು ಬಡಿಯುತ್ತಾ ನಿಂತಿದ್ದರೆ ಅದು ಉಸಿರು ತಗೊಳ್ಳದೆಯೇ ಬೇರೆ ಕಡೆ ಓಡಬೇಕು. ಇನ್ನೊಂದು ವಿಷಯ, ನೀರಿನಡಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರ ಇರುವಂತೆ ಕಾಣುತ್ತದೆ. 4 ಮೀಟರ್ ದೂರದ್ದು 3 ಮೀಟರ್ ಅನ್ನಿಸುತ್ತದೆ. ಕೈ ಚಾಚಿದರೆ ಸಿಗುತ್ತದೆ ಅನ್ನಿಸಿದರೂ ಚಾಚಬೇಡಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಷೆಡ್ಯೂಲಿನಲ್ಲೇ ಇದೆ. ಮುಟ್ಟುವುದು ತಮಾಷೆ ಅಲ್ಲ.

ನೀರಿಗಿಳಿದ ಸ್ವಲ್ಪ ಹೊತ್ತಿಗೇ ಒಂದು ಕಾಣಿಸಿತು. ಹವಳದ ಬಂಡೆಯ ಪಕ್ಕದಲ್ಲಿ ಪಾಚಿ ಕೀಳುತ್ತಿತ್ತು. ಗದ್ದೆ ಬದುವಿನಲ್ಲಿ ಹಸು ಮೇಯುವ ಹಾಗೆ, ಒಂದು ಬಾಯಿ ಹಾಕಿ, ಎರಡು ಹೆಜ್ಜೆ ಸರಿದು, ಮತ್ತೊಂದು ಬಾಯಿ. ಅದು ಹಸಿರಾಮೆ. ಚಿಪ್ಪು ಹಸಿರಲ್ಲ, ಕಂದು. ಒಳಗಿನ ಕೊಬ್ಬಿನ ಬಣ್ಣದಿಂದ ಆ ಹೆಸರು ಬಂದದ್ದು. ಎರಡು ಕಣ್ಣಿನ ನಡುವೆ ಹಣೆಯ ಮೇಲೆ ಒಂದೇ ಜೊತೆ ದೊಡ್ಡ ಹುರುಪೆ ಇದ್ದರೆ ಹಸಿರಾಮೆ. ಎರಡು ಜೊತೆ ಇದ್ದು ಬಾಯಿ ಗಿಡುಗದ ಕೊಕ್ಕಿನಂತೆ ಚೂಪಾಗಿದ್ದರೆ ಅದು ಇನ್ನೊಂದು ಜಾತಿ, ಹಾಕ್ಸ್‌ಬಿಲ್. ಅದಕ್ಕೆ ಸ್ಪಾಂಜ್ ಅನ್ನುವ ಕಡಲಜೀವಿ ತಿನ್ನೋದು ಇಷ್ಟ. ನಮ್ಮ ಹೊನ್ನಾವರ, ಕುಂದಾಪುರದ ಕಡೆ ಮರಳಿಗೆ ಬಂದು ಮೊಟ್ಟೆ ಇಡುವುದು ಇವೆರಡೂ ಅಲ್ಲ, ಆಲಿವ್ ರಿಡ್ಲಿ, ಅದು ಗಾತ್ರದಲ್ಲಿ ಚಿಕ್ಕದು.

ಅದು ಉಸಿರಿಗೆ ಮೇಲೆ ಬಂದದ್ದನ್ನು ನೋಡಬೇಕಿತ್ತು ನೀವು. ಮುಂದಿನ ರೆಕ್ಕೆ ಎರಡು ಸಲ ಬೀಸಿತು, ಅಷ್ಟೇ. ಮೂಗು ಮಾತ್ರ ಹೊರಗೆ ಹಾಕಿ ಫುಸ್ ಅಂತ ಬಿಟ್ಟು, ಎಳೆದು, ಮತ್ತೆ ಕೆಳಗೆ. ಎರಡು ಸೆಕೆಂಡೂ ಆಗಿರಲಿಕ್ಕಿಲ್ಲ. ನಾನೂ ಅಕ್ಕನ ಮಗಳೂ ಅದನ್ನು ನೋಡಿ, ಆಮೇಲೆ ಗಿಳಿಮೀನು ಅಂತ ಒಂದು ಕಡೆ, ನೀಲಿ ನಕ್ಷತ್ರಮೀನು ಅಂತ ಇನ್ನೊಂದು ಕಡೆ ಸುತ್ತಾಡುತ್ತಾ ಹೋದೆವು. ಅಕ್ಕ ಎಲ್ಲೂ ಹೋಗಲಿಲ್ಲ. ಅವಳಿಗೆ ಹೋಗೋಕೆ ಬರುವುದೂ ಇಲ್ಲವಲ್ಲ! ಲೈಫ್ ಜಾಕೆಟ್ ಹಾಕಿ, ಗೈಡ್ ಹಿಡಿದಿದ್ದ ತೇಲುವ ಟ್ಯೂಬಿಗೆ ಒಂದು ಕೈ ಇಟ್ಟು, ಕಾಲು ಅಲ್ಲಾಡಿಸದೆ ತೇಲುತ್ತಿದ್ದಳು. ಆಮೆ ಅವಳನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಮೇಯುತ್ತಾ ಮೇಯುತ್ತಾ ಅದೇ ಅವಳ ಹತ್ತಿರ ಬಂತು, ಪಕ್ಕದಲ್ಲೇ ಮೇಲೆ ಬಂದು ಉಸಿರು ತಗೊಂಡಿತು. ದೋಣಿ ಹತ್ತಿದ ಮೇಲೆ ಅಕ್ಕ ಭಾವನಿಗೆ ಹೇಳಿದ ಮೊದಲ ಮಾತು, "ನೋಡಿ, ಅದರ ಮುಖ ನಿಮ್ಮ ಅಮ್ಮನ ಹಾಗೇ ಇದೆ." ಭಾವ ಏನೂ ಹೇಳಲಿಲ್ಲ.

ಸಿಟ್ಟು ಬಂದದ್ದು ಇನ್ನೊಂದು ದೋಣಿ ಬಂದಾಗ. ಎಂಟು ಹತ್ತು ಜನ ಒಟ್ಟಿಗೇ ಧುಮುಕಿದರು, ಕೋಲಿಗೆ ಕ್ಯಾಮೆರಾ ಸಿಕ್ಕಿಸಿ ಒಂದು ಆಮೆಯ ಹಿಂದೆಯೇ ಬಿದ್ದರು. ಅದು ರೆಕ್ಕೆ ಎರಡೇ ಸಲ ಬೀಸಿ ಮಾಯ. ಆಮೆ ಓಡಿದರೆ ಮನುಷ್ಯ ಹಿಡಿಯುವ ಮಾತೇ ಇಲ್ಲ. ಅವರಿಗೆ ಸಿಕ್ಕಿದ್ದು ಬಾಲದ ಫೋಟೋ. ದೋಣಿ ಗೊತ್ತು ಮಾಡುವಾಗಲೇ ಎಷ್ಟು ಜನ ಇರುತ್ತಾರೆ, ನೀರಿಗೆ ಗೈಡ್ ಇಳಿಯುತ್ತಾನಾ ಇಲ್ಲ ದೋಣಿಯಲ್ಲೇ ಕೂರುತ್ತಾನಾ ಅಂತ ಕೇಳಿ. ಆಮೆ ತೋರಿಸೋದು ಗ್ಯಾರಂಟಿ ಅನ್ನುವವರಿಗಿಂತ ಇಳಿತದ ಹೊತ್ತು ಹೇಳುವವರನ್ನು ನಾನು ನಂಬುತ್ತೇನೆ. ಫೋಟೋ ಬೇಕೇ ಬೇಕಾದರೆ ಪಕ್ಕದಿಂದ ಕೆನ್ನೆಯದ್ದು ತೆಗೆಯಿರಿ. ಕೆನ್ನೆಯ ಹುರುಪೆಗಳ ವಿನ್ಯಾಸ ಒಂದೊಂದು ಆಮೆಗೆ ಒಂದೊಂದು ಥರ, ಸಂಶೋಧಕರು ಅದನ್ನು ನೋಡಿಯೇ ಇದು ಯಾವ ಆಮೆ ಅಂತ ಗುರುತಿಸುತ್ತಾರೆ.

ಮಧ್ಯಾಹ್ನ ಅಗತ್ತಿಯ ಹತ್ತಿರದ ತಿನ್ನಕರ ಅನ್ನುವ ಪುಟ್ಟ ದ್ವೀಪದಲ್ಲಿ ಊಟ. ಅನ್ನ, ಟ್ಯೂನಾ ಸಾರು, ಹುರಿದ ಟ್ಯೂನಾ. ಟ್ಯೂನಾ ಅಂದರೆ ನಮ್ಮ ಕೇದರ ಮೀನು, ಇಲ್ಲಿ ಅದೇ ಜೀವನ. ಊಟಕ್ಕೆ ಕೂತಾಗ ದೋಣಿಯ ಯಜಮಾನರು, ವಯಸ್ಸಾದವರು, ನಮ್ಮ ಸಂಭ್ರಮ ನೋಡಿ ನಕ್ಕರು. "ನಿಮಗೆ ಆಮೆ ಚೆಂದ. ನಮ್ಮ ಹುಲ್ಲೆಲ್ಲ ಅದೇ ತಿಂದದ್ದು" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಅಗತ್ತಿಯ ಲಗೂನಿನಲ್ಲಿ ಮೊದಲು ಕಡಲ ಹುಲ್ಲು ದಟ್ಟವಾಗಿತ್ತು, ಅದರೊಳಗೆ ಮೀನುಮರಿಗಳು ಬೆಳೆಯುತ್ತಿದ್ದವು. ಹಿಂದೆ ಇಲ್ಲಿನವರು ಆಮೆ ಹಿಡಿದು ಅದರ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ಕಾನೂನು ಬಂದು ಬೇಟೆ ನಿಂತಿತು, ಆಮೆ ತಿನ್ನುವ ದೊಡ್ಡ ಶಾರ್ಕ್‌ಗಳೂ ಕಮ್ಮಿಯಾದವು. ಆಮೆಗಳು ಗುಂಪಾಗಿ ಬಂದು ಮೇಯ್ದವು. ಹುಲ್ಲು ಗಿಡ್ಡವಾಯಿತು, ಆಮೇಲೆ ಹೋಯಿತು. ಒಂದು ದ್ವೀಪದಲ್ಲಿ ಮುಗಿದ ಮೇಲೆ ಇನ್ನೊಂದಕ್ಕೆ ಹೋದವು. ಮೈಸೂರಿನಲ್ಲಿ ಶುರುವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಇದನ್ನು ವರ್ಷಗಟ್ಟಲೆ ನೀರಿನಡಿ ಅಳೆದು ಬರೆದಿದ್ದಾರೆ. ನಾವು ನೋಡಿದ ಆಮೆ ಹುಲ್ಲು ಬಿಟ್ಟು ಬಂಡೆಯ ಪಾಚಿ ಕೀಳುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಹಾಗಂತ ಆ ಯಜಮಾನರು ಆಮೆಯನ್ನು ದ್ವೇಷಿಸುವುದಿಲ್ಲ. ಅವರ ಮಗನ ದುಡಿಮೆ ಈಗ ಅದೇ ಆಮೆ ತೋರಿಸುವುದರಿಂದ. ಬಲೆ ಹರಿದರೆ ಮಾತ್ರ ಬಯ್ಯುತ್ತೇನೆ ಅಂದರು.

ಬೈಗುಳದಲ್ಲಿ ನ್ಯಾಯ ಇದೆ ಅಂತ ನನಗೆ ಅನ್ನಿಸಿತು. ಪ್ರವಾಸಿಗರಿಗೆ ಆಮೆ ಉಳಿಸಿ ಅನ್ನುವ ಬೋರ್ಡ್ ಸಾಕು. ಅಲ್ಲೇ ಬದುಕುವವರಿಗೆ ಆಮೆ, ಹುಲ್ಲು, ಮೀನು, ಶಾರ್ಕ್ ಎಲ್ಲದರ ಲೆಕ್ಕ ಬೇಕು.

ಮಕ್ಕಳ ಬಗ್ಗೆ ಕೇಳುವವರಿಗೆ: ಮಾಸ್ಕ್ ಮಕ್ಕಳ ಅಳತೆಯದ್ದೇ ಇರಲಿ, ದೊಡ್ಡವರದ್ದು ಬಿಗಿ ಮಾಡಿ ಹಾಕಬೇಡಿ. ಹೋಗುವ ಮೊದಲು ಮನೆ ಹತ್ತಿರದ ಈಜುಕೊಳದಲ್ಲಿ ನಾಲ್ಕು ಸಲ ಬಾಯಿಂದ ಉಸಿರಾಡಿಸಿ ಅಭ್ಯಾಸ ಮಾಡಿಸಿ. ಕಾಲಿಗೆ ರಬ್ಬರ್ ಶೂ ಹಾಕಿಸಿ, ತಳದಲ್ಲಿ ಮುಳ್ಳಿನ ಚೆಂಡಿನಂಥ ಕಡಲಜೀವಿಗಳು, ಸೀ ಅರ್ಚಿನ್‌ಗಳು, ಇರುತ್ತವೆ. ಅಕ್ಟೋಬರಿನಿಂದ ಮೇ ಮಧ್ಯದ ತನಕ ಹೋಗಬಹುದು, ಮಳೆಗಾಲದಲ್ಲಿ ಬೇಡ. ಮಕ್ಕಳು ಚಳಿ ಅಂದ ಕೂಡಲೇ ದೋಣಿ ಹತ್ತಿಸಿ, ಇನ್ನೊಂದು ಆಮೆ ನೋಡೋಣ ಅಂತ ಎಳೆಯಬೇಡಿ. ದೋಣಿಯಲ್ಲಿ ಕೂತಲ್ಲಿಂದಲೂ ಅದು ತಲೆ ಎತ್ತುವುದು ಕಾಣುತ್ತದೆ.