ಲೆಫ್ಟ್ ಜಾಯಿನ್ ಒಳಗೆ ಕೂತಿದ್ದ ‘ಆರ್’

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಆವಕ ಜೋರಾಯಿತೆಂದರೆ ದಲಾಲಿ ಅಂಗಡಿಯವರಿಗೆ ಒಂದು ರಿಪೋರ್ಟು ಬೇಕೇ ಬೇಕು: ಯಾವ ರೈತರು ಎಷ್ಟು ಚೀಲ ತಂದರು, ಮುಂಗಡ ಒಯ್ದು ಇನ್ನೂ ಮಾಲು ತಾರದವರು ಯಾರು. ಲಾಟ್ (ಒಮ್ಮೆಗೆ ತಂದ ಮಾಲಿನ ರಾಶಿ) ಇಲ್ಲದ ರೈತನ ಹೆಸರೂ ಬರಬೇಕಾದ್ದರಿಂದ ಅಲ್ಲಿ ಲೆಫ್ಟ್ ಔಟರ್ ಜಾಯಿನ್, ಅಂದರೆ ರೈತರ ಪಟ್ಟಿಗೆ ಲಾಟ್ ಪಟ್ಟಿ ಜೋಡಿಸುವಾಗ ಜೋಡಿ ಸಿಗದ ರೈತನನ್ನೂ ಉಳಿಸಿಕೊಳ್ಳುವ ಜಾಯಿನ್. ಹುಬ್ಬಳ್ಳಿಯಲ್ಲಿ ಕೂತು ನಾನು ನೋಡಿಕೊಳ್ಳುವ ಒಂದು ಅಂಗಡಿಯ ಸಾಫ್ಟ್‌ವೇರಿನಲ್ಲಿ ಸೋಮವಾರ, ಗುರುವಾರ ಬಂದರೆ ಈ ರಿಪೋರ್ಟು ಏಳುತ್ತಲೇ ಇರಲಿಲ್ಲ. “ಚಾ ಕುಡದ್ ಬಂದೆ, ಇನ್ನೂ ಗಿರಗಿರ ತಿರಗಾಕ ಹತ್ತೇತ್ರಿ ಸರ” ಅಂತ ಗುಮಾಸ್ತರ ಫೋನು.

ಡೇಟಾಬೇಸು ಪೋಸ್ಟ್‌ಗ್ರೆಸ್. ಹಿಂದೆ ಯಾರೋ ಮೊಬೈಲ್ ನಂಬರಿನ ಕಾಲಮ್ಮಿಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕಿ ಹೋಗಿದ್ದರು. ನಮ್ಮ ಕಸುಬಿನವರ ಮೊದಲ ಮದ್ದು ಅದೇ. ಡೇಟಾಬೇಸು ಕ್ವೆರಿಯನ್ನು (ನಾವು ಕೇಳುವ ಪ್ರಶ್ನೆಯನ್ನು) ಹೇಗೆ ಓಡಿಸುತ್ತದೆ ಎಂಬ ಪ್ಲಾನ್ ನೋಡದೆ ಹಾಕಿದರೆ ಡಿಸ್ಕ್ ತುಂಬುತ್ತದೆ, ಅಷ್ಟೇ. ಆ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಅನಲೈಝ್ ಓಡಿಸಿದೆ. ನೆಸ್ಟೆಡ್ ಲೂಪ್ ಲೆಫ್ಟ್ ಜಾಯಿನ್, ಅದರಡಿ ‘ರೋಸ್ ರಿಮೂವ್ಡ್ ಬೈ ಜಾಯಿನ್ ಫಿಲ್ಟರ್’ ಎಂಬ, ಹೊಂದದೆ ಬಿಟ್ಟ ಜೋಡಿಗಳನ್ನು ಎಣಿಸುವ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ. ರೈತರ ಖಾತೆ ಸುಮಾರು 8,000, ಎಲ್ಲ ವರ್ಷದ ಲಾಟ್ ಸೇರಿ 1,20,000. ಗುಣಿಸಿದರೆ 96 ಕೋಟಿ. ಒಬ್ಬೊಬ್ಬ ರೈತನಿಗೂ ಅಷ್ಟೂ ಲಾಟನ್ನು ತಿರುವಿ ಹಾಕುತ್ತಿತ್ತು.

ಕಾರಣ ಇದ್ದದ್ದು ಯಾವುದಕ್ಕೆ ಯಾವುದು ಜೋಡಿ ಎಂದು ಹೇಳುವ ಆನ್ ಕಂಡೀಷನ್ನಿನಲ್ಲಿ: ಖಾತೆ ನಂಬರ್ ಹೊಂದಬೇಕು, ‘ಆರ್’ (OR, ಅಂದರೆ ‘ಅಥವಾ’) ಮೊಬೈಲಿನ ಕೊನೆಯ ಹತ್ತು ಅಂಕಿ ಹೊಂದಬೇಕು. ರಾತ್ರಿ ಚೀಲ ಇಳಿಸುವ ಗಡಿಬಿಡಿಯಲ್ಲಿ ಬರೀ ಮೊಬೈಲ್ ಬರೆದುಕೊಂಡ ಲಾಟ್‌ಗಳಿರುತ್ತವೆ, ಅದಕ್ಕೆ. ಒಂದು ಟೇಬಲ್ಲನ್ನು ಮೊದಲೇ ವಿಂಗಡಿಸಿಟ್ಟು ಜೋಡಿಯನ್ನು ನೇರ ಹುಡುಕುವ ಹ್ಯಾಶ್ ಜಾಯಿನ್‌ಗೆ ಸಮ ಚಿಹ್ನೆಯ ಕಂಡೀಷನ್ನೇ ಬೇಕು. ಹೀಗೆ ನಡುವೆ ಆರ್ ಬಂದರೆ ಕೈಚೆಲ್ಲುತ್ತದೆ. ಮೊಬೈಲಿಗೆ ಫಂಕ್ಷನ್ ಸುತ್ತಿದ್ದರಿಂದ ಆ ಇಂಡೆಕ್ಸೂ ದಂಡ. ಜೋಡಿ ಸಿಕ್ಕವರನ್ನಷ್ಟೇ ಕೊಡುವ ಇನ್ನರ್ ಜಾಯಿನ್ ಆಗಿದ್ದರೆ ಎರಡು ಕ್ವೆರಿ ಬರೆದು ಯೂನಿಯನ್ ಹಾಕಿ ಒಂದಾಗಿಸಿಬಿಡಬಹುದಿತ್ತು. ಔಟರ್‌ನಲ್ಲಿ ಹಾಗೆ ಮಾಡಿದರೆ ಖಾತೆಯಿಂದ ಸಿಕ್ಕ ರೈತನೇ ಮೊಬೈಲಿನ ಭಾಗದಲ್ಲಿ ‘ಲಾಟ್ ಇಲ್ಲ’ ಎಂದು ಮತ್ತೊಮ್ಮೆ ಬರುತ್ತಾನೆ.

ಹಾಗಾಗಿ ಲಾಟ್‌ಗಳನ್ನೇ ಮೊದಲು ಎರಡು ಪಾಲು ಮಾಡಿದೆ. ಖಾತೆ ನಂಬರ್ ಇದ್ದವನ್ನು ಖಾತೆವಾರು, ಇಲ್ಲದವನ್ನು ಮೊಬೈಲ್‌ವಾರು ಗ್ರೂಪ್ ಬೈ ಮಾಡಿ ಚೀಲ ಕೂಡಿಸಿ, ಆಮೇಲೆ ರೈತರ ಟೇಬಲ್ಲಿಗೆ ಎರಡು ಪ್ರತ್ಯೇಕ ಲೆಫ್ಟ್ ಜಾಯಿನ್. ನಲ್ (ಖಾಲಿ ಮೌಲ್ಯ) ಬಂದಲ್ಲಿ ಕೋಅಲೆಸ್ ಹಾಕಿ ಸೊನ್ನೆ. ಪ್ಲಾನಿನಲ್ಲಿ ಎರಡು ಹ್ಯಾಶ್ ಜಾಯಿನ್ ಕಂಡವು. ಬಟನ್ ಒತ್ತಿ ಕೈ ತೆಗೆಯುವಷ್ಟರಲ್ಲಿ ರಿಪೋರ್ಟು ಬಂತು.

ಹಳೆಯ ಕ್ವೆರಿಯಲ್ಲಿ ಹಂಗಾಮಿನ ತಾರೀಖು ಜಾಯಿನ್ ಆದಮೇಲೆ ಸೋಸುವ ವೇರ್‌ನಲ್ಲಿತ್ತು, ‘ಇಲ್ಲವೇ ತಾರೀಖು ನಲ್’ ಎಂಬ ತೇಪೆಯೊಂದಿಗೆ. ಈ ತೇಪೆಯನ್ನು ಬಹಳ ಕಡೆ ನೋಡಿದ್ದೇನೆ. ಹೋದ ವರ್ಷ ಮಾಲು ತಂದು ಈ ವರ್ಷ ತಾರದ ರೈತ ಇದರಲ್ಲಿ ಮಾಯವಾಗುತ್ತಾನೆ: ಹಳೆಯ ಲಾಟ್ ಅವನಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ತಾರೀಖು ನಲ್ ಅಲ್ಲ. ಮುಂಗಡ ಬಾಕಿ ಹುಡುಕುವವರಿಗೆ ಬೇಕಾದವನೇ ಅವನು! ತಾರೀಖನ್ನು ಜಾಯಿನ್‌ಗೆ ಮೊದಲೇ ಲಾಟ್ ಕೂಡಿಸುವ ಸಬ್‌ಕ್ವೆರಿಯೊಳಗೆ ತಳ್ಳಿದೆ.

ಒಟ್ಟು ಚೀಲ ತಾಳೆ ನೋಡಿದರೆ ಹಳೆಯ ರಿಪೋರ್ಟಿಗಿಂತ ಕಡಿಮೆ. ಸಾವ್ಕಾರರು ಹೌಹಾರಿದರು. ಹುಡುಕಿದಾಗ ಸಿಕ್ಕಿದ್ದು ಒಂದೇ ಮೊಬೈಲಿನ ಅಪ್ಪ-ಮಕ್ಕಳು, ಖಾತೆ ಮಾತ್ರ ಬೇರೆ ಬೇರೆ. ಹಳೆಯ ಆರ್ ಮಗನ ಲಾಟನ್ನು ಅಪ್ಪನ ಲೆಕ್ಕಕ್ಕೂ ಹಾಕುತ್ತಿತ್ತು. ಈಗ ಖಾತೆ ನಂಬರ್ ಇಲ್ಲದ, ಮೊಬೈಲ್ ಮಾತ್ರ ಇಬ್ಬರಿಗೆ ಹೊಂದುವ ಲಾಟ್‌ಗಳನ್ನು ಯಾರಿಗೂ ಕೂಡಿಸದೆ ರಿಪೋರ್ಟಿನ ಕೆಳಗೆ ಬೇರೆಯಾಗಿ ತೋರಿಸುತ್ತೇನೆ. ಗುಮಾಸ್ತರು ವಿಚಾರಿಸಿ ಖಾತೆ ನಂಬರ್ ತುಂಬುತ್ತಾರೆ.